ಎಣಿಕೆಗೆ ಬಂದ ಮಕ್ಕಳು

(ಶಿಗ್ಗಾಂವದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಹತ್ತಿ ಹೂವು ಅರಳುವುದು ಬೆಳಿಗ್ಗೆ. ಬೀಜದ ಪ್ಲಾಟಿನಲ್ಲಿ ಅದರ ಕೆಲಸ ಮಾತ್ರ ಹಿಂದಿನ ಸಂಜೆಯೇ ಶುರು. ನಾಳೆ ಅರಳಲಿರುವ ಮೊಗ್ಗು ಯಾವುದೆಂದು ನೋಡಿ ಗುರುತಿಸಬೇಕು. ಉಗುರು ತಾಗಿಸಿ ಎಸಳು ಬಿಡಿಸಿ, ಸುತ್ತಲಿನ ಗಂಡು ಕೇಸರವನ್ನೆಲ್ಲ ತೆಗೆಯಬೇಕು. ನಡುವಿನ ಹೆಣ್ಣು ಕಡ್ಡಿಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ಕಿತ್ತು ತಂದು, ಅದರ ಪರಾಗವನ್ನು ಆ ಕಡ್ಡಿಯ ತುದಿಗೆ ಸವರಬೇಕು. ಒಂದು ಹೂವಿಗೆ ಎರಡು ಸಲ ಕೈ. ಗಿಡ ಹೂವು ಬಿಡುವ ಕಾಲವೆಲ್ಲ ಇದೇ ಕೆಲಸ, ರವಿವಾರವಿಲ್ಲ, ಹಬ್ಬವಿಲ್ಲ. ಶಾಲೆಯ ಗಂಟೆ ಬಾರಿಸುವ ಹೊತ್ತೂ ಪರಾಗ ಸವರುವ ಹೊತ್ತೂ ಒಂದೇ.

ರಾಣೆಬೆನ್ನೂರು, ಹಾವೇರಿ ಕಡೆ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಹತ್ತಿಗಷ್ಟೇ ಅಲ್ಲ, ಟೊಮೆಟೊ, ಮೆಣಸಿನಕಾಯಿ, ಬೆಂಡೆಯ ಹೈಬ್ರಿಡ್ ಬೀಜಕ್ಕೂ ಕ್ರಾಸಿಂಗ್ ತಪ್ಪಿದ್ದಲ್ಲ. 1970ರಲ್ಲಿ ಸೂರತ್‌ನಿಂದ ಎಚ್-4 ಎಂಬ ಹೈಬ್ರಿಡ್ ಹತ್ತಿ ಬಂತು. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದ ತಳಿ ವಿಜ್ಞಾನಿಗಳು ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ಹೊರತಂದರು. ಅದು ಈ ಸೀಮೆಯ ಹೆಮ್ಮೆ, ಆ ಹೆಮ್ಮೆ ಸುಳ್ಳೂ ಅಲ್ಲ. ಆದರೆ ಹೈಬ್ರಿಡ್ ಬೀಜವನ್ನು ವರ್ಷವರ್ಷವೂ ಹೊಸದಾಗಿ ಮಾಡಬೇಕು, ಅದನ್ನೂ ಕೈಯಿಂದಲೇ ಮಾಡಬೇಕು. ಮಾಮೂಲಿ ಹತ್ತಿ ಹೊಲಕ್ಕೆ ಹೋಲಿಸಿದರೆ ಬೀಜದ ಹತ್ತಿಗೆ ಸುಮಾರು ಹತ್ತು ಪಟ್ಟು ಆಳು ಬೇಕು. ಆ ದುಡಿಮೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕ್ರಾಸಿಂಗ್ ಒಂದಕ್ಕೇ ಹೋಗುತ್ತದೆ. ಅಷ್ಟು ಕೈಗಳು ಎಲ್ಲಿಂದ ಬಂದವು?

ಹೈದರಾಬಾದಿನ ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಈ ಪ್ರಶ್ನೆಯ ಬೆನ್ನು ಹತ್ತಿದವರು. ಆಂಧ್ರದ ಹತ್ತಿ ಬೀಜದ ಹೊಲಗಳಲ್ಲಿ ಶುರುವಾದ ಅವರ ಓಡಾಟ ಮುಂದೆ ಗುಜರಾತ್, ತಮಿಳುನಾಡು, ರಾಜಸ್ಥಾನ, ಕರ್ನಾಟಕದ ಹೊಲಗಳಿಗೂ ಹಬ್ಬಿತು. ಅವರು ಮಾಡಿದ್ದು ಹೇಳಲು ಬಲು ಸರಳ. ಹಂಗಾಮಿನಲ್ಲಿ ಆಯ್ದ ಹೊಲಗಳಿಗೆ ಹೋಗಿ, ಸಾಲಿನಲ್ಲಿ ನಿಂತವರನ್ನು ಎಣಿಸಿ, ವಯಸ್ಸು ಕೇಳಿ, ಕೂಲಿ ಕೇಳಿ, ಮನೆಯವರು ಮುಂಗಡ ಎಷ್ಟು ಪಡೆದಿದ್ದಾರೆಂದು ಕೇಳಿ ಬರೆದುಕೊಳ್ಳುವುದು. ಕಂಡದ್ದು ಹೆಚ್ಚಾಗಿ ಹೆಣ್ಣುಮಕ್ಕಳು. ಹಂಗಾಮಿಗೆ ಮುಂಚೆಯೇ ತಂದೆತಾಯಿಯ ಕೈಗೆ ಸಾಲ ಬಂದಿರುತ್ತದೆ, ಅದು ತೀರುವ ತನಕ ಮಗು ಆ ಹೊಲ ಬಿಡುವಂತಿಲ್ಲ. ಔಷಧ ಹೊಡೆದ ಗಿಡಗಳ ನಡುವೆಯೇ ದಿನವೆಲ್ಲ ನಿಲ್ಲಬೇಕು.

‘ಮಕ್ಕಳ ಬೆರಳು ಸಣ್ಣವು, ಮೊಗ್ಗಿಗೆ ಪೆಟ್ಟಾಗುವುದಿಲ್ಲ, ಗಿಡದ ಎತ್ತರಕ್ಕೆ ಸರಿ ಇರುತ್ತಾರೆ, ಬಗ್ಗಬೇಕಿಲ್ಲ’ ಎಂಬ ಸಮಜಾಯಿಷಿ ಕೇಳದವರು ಇಲ್ಲ. ಬೆರಳಿನ ಮಾತು ನೆಪ. ಮಗುವಿನ ಕೂಲಿ ದೊಡ್ಡವರ ಕೂಲಿಗಿಂತ ಕಡಿಮೆ, ಮಗು ಎದುರು ಮಾತಾಡುವುದಿಲ್ಲ, ಹೇಳಿದಷ್ಟು ಹೊತ್ತು ನಿಲ್ಲುತ್ತದೆ. ವೆಂಕಟೇಶ್ವರ್ಲು ಈ ಲೆಕ್ಕವನ್ನು ರೈತನ ಬಾಂದಿನಲ್ಲೇ ಬಿಟ್ಟು ಬರಲಿಲ್ಲ. 2005ರಲ್ಲಿ ಲೂಸಿಯಾ ಡಾ ಕೋರ್ಟಾ ಅವರೊಡನೆ ಬರೆದ ವರದಿಯಲ್ಲಿ ಅವರು ಬೀಜ ಕಂಪನಿಗಳು ರೈತನಿಗೆ ಕೊಡುವ ಖರೀದಿ ದರವನ್ನೇ ಎತ್ತಿಕೊಂಡರು. ಆ ದರದಲ್ಲಿ ದೊಡ್ಡವರಿಗೆ ಪೂರ್ತಿ ಕೂಲಿ ಕೊಟ್ಟರೆ ರೈತನ ಕೈಯಲ್ಲಿ ಏನು ಉಳಿಯುತ್ತದೆ? ಪ್ರಶ್ನೆ ಹೊಲದಿಂದ ಕಂಪನಿಯ ಕಚೇರಿಗೆ ನಡೆದುಹೋದದ್ದು ಹೀಗೆ. ಅದಕ್ಕೂ ಮೊದಲು ಹೆಚ್ಚಾಗಿ ಬೈಸಿಕೊಳ್ಳುತ್ತಿದ್ದವನು ಎರಡೆಕರೆಯ ರೈತ.

2015ರ ಅವರ ಅಂದಾಜಿನಂತೆ ದೇಶದ ಹತ್ತಿ ಬೀಜದ ಹೊಲಗಳಲ್ಲಿ 14 ದಾಟದ ಮಕ್ಕಳೇ ಸುಮಾರು 2 ಲಕ್ಷ. 18ರೊಳಗಿನವರನ್ನೆಲ್ಲ ಸೇರಿಸಿದರೆ 5 ಲಕ್ಷದ ಹತ್ತಿರ. ತರಕಾರಿ ಬೀಜದ ಮೇಲೆ ಬಂದ ಇನ್ನೊಂದು ವರದಿ ಕರ್ನಾಟಕ, ಮಹಾರಾಷ್ಟ್ರದ ಹೊಲಗಳನ್ನು ಹೊಕ್ಕು ಬರೆದದ್ದು. ಅದರಲ್ಲಿ 14ರೊಳಗಿನ ಮಕ್ಕಳು 50,000ಕ್ಕೂ ಹೆಚ್ಚು. ಇವು ಆಯ್ದ ಹೊಲಗಳ ಎಣಿಕೆಯಿಂದ ಕಟ್ಟಿದ ಅಂದಾಜುಗಳು, ಜನಗಣತಿಯಲ್ಲ. ಆದರೂ ಶಾಲೆಯ ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದಷ್ಟೇ ಇದ್ದ ಮಗು ಎಲ್ಲಿದೆ, ಯಾರ ಹೊಲದಲ್ಲಿದೆ, ಯಾವ ಬೀಜದ ಪೊಟ್ಟಣಕ್ಕೆ ದುಡಿಯುತ್ತಿದೆ ಎಂದು ಹೇಳಿದ ಅಂಕಿಗಳಿವು.

ಎಣಿಸಿದ್ದರಿಂದ ಕೆಲಸ ಮುಗಿಯಲಿಲ್ಲ. ಕಣ್ಗಾವಲು ಬಿಗಿಯಾದ ಕಡೆ ಬೀಜೋತ್ಪಾದನೆ ದೊಡ್ಡ ಹಿಡುವಳಿ ಬಿಟ್ಟು ಸಣ್ಣ ರೈತರ ತುಂಡು ಹೊಲಗಳಿಗೆ ಸರಿಯಿತು. ಅಲ್ಲಿ ಕ್ರಾಸಿಂಗಿಗೆ ನಿಲ್ಲುವವಳು ಮನೆಮಗಳು. 2016ರ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿ 14ರೊಳಗಿನವರ ಎಲ್ಲ ದುಡಿಮೆಯನ್ನೂ ನಿಷೇಧಿಸಿತು. ಜೊತೆಗೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರ ಕೆಲಸಕ್ಕೆ ಕೈಜೋಡಿಸಬಹುದು ಎಂದು ಒಂದು ಬಾಗಿಲನ್ನು ತೆರೆದೂ ಇಟ್ಟಿತು. ಆ ಬಾಗಿಲಿನಲ್ಲಿ ನಿಂತ ಸಂಶೋಧಕ ಮಗುವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಅವ್ವನ ಜೊತೆ ಹೊಲಕ್ಕೆ ಹೋಗುವುದು ತಪ್ಪಲ್ಲ. ಹಂಗಾಮಿಡೀ ಹೋಗುವುದು ತಪ್ಪು. ಎರಡರ ನಡುವಿನ ಗೆರೆ ಹೊಲದಲ್ಲಿ ನಿಂತವರಿಗೂ ಬೇಗ ಕಾಣುವುದಿಲ್ಲ.

ಕಣ್ಣೆದುರಿಗೆ ಇದ್ದದ್ದು ಕಾಣದಿರುವುದು ಹೊಲಕ್ಕಷ್ಟೇ ಅಂಟಿದ ರೋಗವಲ್ಲ. ಆಸ್ಪತ್ರೆಗಳಿಗೂ ಅದು ಅಂಟಿತ್ತು. 1946ರಲ್ಲಿ ಅಮೆರಿಕದ ಎಕ್ಸ್‌ರೇ ತಜ್ಞ ಜಾನ್ ಕ್ಯಾಫಿ ಆರು ಕೂಸುಗಳ ಬಗ್ಗೆ ಬರೆದರು. ತಲೆಯೊಳಗೆ ರಕ್ತ ಕಟ್ಟಿತ್ತು, ಕೈಕಾಲಿನ ಎಲುಬುಗಳಲ್ಲಿ ಒಟ್ಟು 23 ಮುರಿತಗಳಿದ್ದವು, ಮುರಿದದ್ದು ಹೇಗೆಂದು ಮನೆಯವರು ಹೇಳಿದ ಕಥೆಗೂ ಎಕ್ಸ್‌ರೇ ಹಾಳೆಗೂ ತಾಳೆಯಾಗುತ್ತಿರಲಿಲ್ಲ. ‘ಹೊಡೆದಿದ್ದಾರೆ’ ಎಂಬ ಮಾತನ್ನು ನೇರವಾಗಿ ಆಡಲು ವೈದ್ಯಲೋಕಕ್ಕೆ ಇನ್ನೂ ಹದಿನಾರು ವರ್ಷ ಬೇಕಾಯಿತು. 1962ರಲ್ಲಿ ಆ ಮಾತನ್ನು ಆಡಿದವರು ಹೆನ್ರಿ ಕೆಂಪ್ ಮತ್ತು ಸಂಗಡಿಗರು. ಕೆಂಪ್ ಹುಟ್ಟಿದ್ದು ಬ್ರೆಸ್ಲಾವ್‌ನಲ್ಲಿ. ನಾಜಿಗಳ ಕಾಲದಲ್ಲಿ ಹುಡುಗನಾಗಿದ್ದಾಗಲೇ ಊರು ಬಿಟ್ಟು ಓಡಿಬಂದ ಯಹೂದಿ. ದೊಡ್ಡವರ ಕೈಯಲ್ಲಿ ಮಕ್ಕಳಿಗೆ ಏನೇನಾಗಬಹುದು ಎಂಬುದನ್ನು ಅವರಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ದೇಶದ ಆಸ್ಪತ್ರೆಗಳನ್ನು ಕೇಳಿದಾಗ, ಉತ್ತರ ಕೊಟ್ಟ 71 ಆಸ್ಪತ್ರೆಗಳಿಂದ ಒಂದೇ ವರ್ಷದ 302 ಮಕ್ಕಳ ಲೆಕ್ಕ ಸಿಕ್ಕಿತು: 33 ಸಾವು, 85 ಮಕ್ಕಳಿಗೆ ಮಿದುಳಿಗೆ ಶಾಶ್ವತ ಪೆಟ್ಟು. ಐದೇ ವರ್ಷದಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ಇಂಥದ್ದನ್ನು ಕಂಡರೆ ವರದಿ ಮಾಡಬೇಕೆಂದು ಕಾನೂನು ಮಾಡಿದವು.

ನಮ್ಮಲ್ಲಿ ಆ ಕೆಲಸ ಮೊದಲು ಆಸ್ಪತ್ರೆಗಿಂತ ಕಮ್ಮಟಗಳಲ್ಲಿ ನಡೆಯಿತು. 1990ರ ದಶಕದಲ್ಲಿ ಬೆಂಗಳೂರಿನ ‘ಸಂವಾದ’ ಸಂಸ್ಥೆ ಕರ್ನಾಟಕದ 11 ಶಾಲೆ-ಕಾಲೇಜುಗಳ 348 ಹುಡುಗಿಯರನ್ನು ಲೈಂಗಿಕ ಕಿರುಕುಳದ ಬಗ್ಗೆ ಮಾತಾಡಿಸಿತು. ಮೈಮುಟ್ಟಿದವರು ಯಾರು ಎಂದರೆ ಅಪರಿಚಿತರಲ್ಲ. ನಾಲ್ವರಲ್ಲಿ ಮೂವರು ಮನೆಯ ಹಿರಿಯರೇ. ಕೆಲವರಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ಕಾಕಾ, ಮಾಮಾ ಎಂದು ಕರೆಯುವ ಬಾಯಿಂದಲೇ ಆ ಹೆಸರು ಹೊರಗೆ ಬರಬೇಕಿತ್ತು. ಅದಕ್ಕೆ ಬೇಕಾದ ಧೈರ್ಯ ಆ ಹುಡುಗಿಯರದು. ಕೇಳಿ ಗಾಬರಿಯಾಗದೆ ಕೂತು ಕೇಳುವ ಶಿಸ್ತು ಸಂಶೋಧಕರದು. ಹತ್ತು ವರ್ಷದ ಮೇಲೆ, 2007ರಲ್ಲಿ, ಕೇಂದ್ರ ಸರ್ಕಾರದ ದೊಡ್ಡ ಅಧ್ಯಯನ ಬಂತು. 12,447 ಮಕ್ಕಳು, 13 ರಾಜ್ಯಗಳು, ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಆ ಹದಿಮೂರರಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ಆ 348 ಹುಡುಗಿಯರು ಆಡಿದ ಮಾತಿಗೆ ಇಲ್ಲಿ ಇನ್ನಷ್ಟು ತೂಕ.

ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಡಾ. ಶೇಖರ್ ಶೇಷಾದ್ರಿ ಅವರ ದಾರಿ ಇನ್ನೊಂದು ಬಗೆಯದು. ಮಗುವಿನ ಎದುರು ಪ್ರಶ್ನಾವಳಿ ಹಿಡಿದು ಕೂತರೆ ಮಗು ಬಾಯಿ ಬಿಡುವುದಿಲ್ಲ. ಆಟ, ಕಥೆ, ನಾಟಕ, ಸಿನಿಮಾ, ಇವುಗಳ ಮೂಲಕ ಮಾತಿಗೆ ದಾರಿ ಮಾಡುವುದನ್ನು ಅವರು ದಶಕಗಳ ಕಾಲ ಕಲಿಸಿದರು. ವೈದ್ಯರಿಗಷ್ಟೇ ಅಲ್ಲ, ಶಿಕ್ಷಕರಿಗೆ, ಬಾಲಮಂದಿರದ ಸಿಬ್ಬಂದಿಗೆ, ನ್ಯಾಯಾಧೀಶರಿಗೆ. ಬೆಂಗಳೂರಿನವರೇ ಆದ ಇಬ್ಬರು ಸ್ತ್ರೀರೋಗ ತಜ್ಞೆಯರು, ಸಂಗೀತಾ ಸಕ್ಸೇನಾ ಮತ್ತು ಶೈಬ್ಯಾ ಸಲ್ಡಾನಾ, 2001ರಲ್ಲಿ ‘ಎನ್‌ಫೋಲ್ಡ್’ ಟ್ರಸ್ಟ್ ಕಟ್ಟಿದರು. ಸಂಶೋಧನೆಯ ಪ್ರಾಮಾಣಿಕತೆ ಎಂದರೇನು ಎಂಬುದಕ್ಕೆ ಈ ಸಂಸ್ಥೆಯ ಒಂದು ಕೆಲಸ ಒಳ್ಳೆಯ ಉದಾಹರಣೆ.

2012ರ ನವೆಂಬರ್ 14ರಂದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಮಕ್ಕಳ ಪರ ದುಡಿದವರೆಲ್ಲ ಬೇಡಿದ್ದ ಕಾಯ್ದೆ ಅದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರ ಆ ಕಾಯ್ದೆಯ ವಿಶೇಷ ನ್ಯಾಯಾಲಯಗಳು ನಿಜಕ್ಕೂ ಹೇಗೆ ನಡೆಯುತ್ತಿವೆ ಎಂದು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ನೋಡಿತು. ಆಮೇಲೆ ಸ್ವಾಗತಾ ರಾಹಾ ಮತ್ತು ಎನ್‌ಫೋಲ್ಡ್‌ನ ಬಳಗ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 2016ರಿಂದ 2020ರವರೆಗಿನ 7,064 ತೀರ್ಪುಗಳನ್ನು ಓದಿತು. ಅವುಗಳಲ್ಲಿ 1,715, ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು, ಹದಿಹರೆಯದವರ ಪ್ರೇಮದ ಪ್ರಕರಣಗಳು. ಹುಡುಗಿ ಮನೆಬಿಟ್ಟು ಹೋದಳು, ಅಪ್ಪ ದೂರು ಕೊಟ್ಟ, ಹುಡುಗ ಜೈಲಿಗೆ ಹೋದ. ಮಕ್ಕಳ ರಕ್ಷಣೆಗೆಂದು ತಂದ ಕಾಯ್ದೆ ಮಕ್ಕಳಿಗೇ ತಾಗುತ್ತಿದೆ ಎಂದು ಮಕ್ಕಳ ಪರ ನಿಂತವರೇ ಬರೆದರು. ಹಾಗೆ ಬರೆದರೆ ಎರಡೂ ಕಡೆಯವರಿಗೆ ಸಿಟ್ಟು ಬರುತ್ತದೆ. ಬರೆದದ್ದು ಸರಿಯೇ.

ಅದೇ ಕಾಯ್ದೆಯ 19ನೇ ಕಲಮು ಸಂಶೋಧಕರಿಗೆ ಇನ್ನೊಂದು ಇಕ್ಕಟ್ಟು ತಂದಿತು. ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ‘ಯಾರಿಗೂ ಹೇಳುವುದಿಲ್ಲ, ಹೇಳವ್ವಾ’ ಎಂದು ಮಗುವಿಗೆ ಮಾತು ಕೊಟ್ಟು ಕೇಳುವ ಹಾಗಿಲ್ಲ. ಕೇಳಿ, ಬರೆದುಕೊಂಡು, ಬಸ್ಸು ಹತ್ತಿ ಹೋಗುವ ಹಾಗಂತೂ ಮೊದಲೇ ಇರಲಿಲ್ಲ.

ಇಲ್ಲಿಯವರೆಗೆ ಬಂದವರೆಲ್ಲ ದೊಡ್ಡವರು. ಕುಂದಾಪುರದ ಕಡೆ ಮಕ್ಕಳೇ ಸಂಶೋಧಕರಾದ ಕಥೆ ಒಂದಿದೆ. ನಂದನಾ ರೆಡ್ಡಿ ಮತ್ತು ಗೆಳೆಯರು ಕಟ್ಟಿದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಆಸರೆಯಲ್ಲಿ 1990ರಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ ಹುಟ್ಟಿತು. 1995ರಿಂದ ‘ಮಕ್ಕಳ ಪಂಚಾಯತಿ’ಗಳು. 1996ರ ಕೊನೆಗೆ 33 ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲೇ ಸೇರಿದರು. ಭೀಮ ಸಂಘ ಮತ್ತು ಮಕ್ಕಳ ಪಂಚಾಯತಿಯ ಹುಡುಗರು-ಹುಡುಗಿಯರು ತಮ್ಮ ಊರುಗಳ ಸಮೀಕ್ಷೆಯನ್ನು ತಾವೇ ಮಾಡಿದರು. ಓದು ಬಾರದವರಿಗೆ ಚಿತ್ರಗಳ ಪ್ರಶ್ನಾವಳಿ ಮಾಡಿಕೊಂಡರು. ಮುಂದೆ ಓಡಾಟದ ತೊಂದರೆಗಳನ್ನೇ ವಿಷಯ ಮಾಡಿಕೊಂಡು ಅಧ್ಯಯನ ನಡೆಸಿದರು: ಶಾಲೆಗೆ ಎಷ್ಟು ದೂರ, ಮಳೆಗಾಲದಲ್ಲಿ ಹಳ್ಳ ದಾಟಲು ಏನಿದೆ, ಬಸ್ಸು ಎಷ್ಟು ಹೊತ್ತಿಗೆ. ಮಗುವಿಗೆ ಆಗುವ ಹಾನಿ ಎಂದರೆ ದೊಡ್ಡವರ ತಲೆಗೆ ಹೊಡೆತ, ಅತ್ಯಾಚಾರ, ಬಾಲಕಾರ್ಮಿಕತನ ಬರುತ್ತವೆ. ಮಕ್ಕಳ ಪಟ್ಟಿಯಲ್ಲಿ ಕಾಲುಸಂಕವೂ ಇತ್ತು. ಜಾರಿ ಬಿದ್ದವರಿಗೆ ಗೊತ್ತು.

ಮಕ್ಕಳ ಮಾತನ್ನು ಕೇಳಬೇಕೆಂಬ ಈ ವಿಚಾರದ ಪ್ರಭಾವ ರಾಜ್ಯದ ಆಡಳಿತಕ್ಕೂ ಸ್ವಲ್ಪ ತಟ್ಟಿತು. 2006ರಿಂದ ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಹಕ್ಕುಗಳ ವಿಶೇಷ ಗ್ರಾಮಸಭೆ ನಡೆಸುವ ಪದ್ಧತಿ ಬಂದಿದೆ. ಮಕ್ಕಳ ಹಕ್ಕುಗಳ ಕಾರ್ಯಕರ್ತ ವಾಸುದೇವ ಶರ್ಮಾ ಎನ್.ವಿ. ಅವರಂಥವರು ಇದರ ಬಗ್ಗೆ ಕನ್ನಡದಲ್ಲಿ ಬರೆಯುತ್ತ, ಪಂಚಾಯತಿ ಸದಸ್ಯರಿಗೆ ತಿಳಿಹೇಳುತ್ತ ಬಂದಿದ್ದಾರೆ. ಮಕ್ಕಳ ಹಕ್ಕಿನ ಬರವಣಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉಳಿದುಬಿಡುವ ನಾಡಿನಲ್ಲಿ ಇದು ಸಣ್ಣ ಕೆಲಸವಲ್ಲ.

ಬಾಲ್ಯವಿವಾಹದ ಮಾತು ಎತ್ತದೆ ಈ ಸೀಮೆಯಲ್ಲಿ ಮಕ್ಕಳ ಮಾತು ಮುಗಿಯುವುದಿಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಶಿಗ್ಗಾಂವ ತಾಲೂಕಿನದೇ. ಅಲ್ಲಿನ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲವಾದರೂ ಒಂದು ಮಾತು: 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ಕನ್ನಡಕ್ಕೆ ಸಿಕ್ಕಿದ್ದು ಬರೀ ಕಾವ್ಯವಲ್ಲ. ಎಳೆ ವಯಸ್ಸಿನಲ್ಲಿ ತವರು ಬಿಟ್ಟ ಹುಡುಗಿ ಬೀಸುಕಲ್ಲಿನ ಮುಂದೆ ಹೇಳಿಕೊಂಡ ದುಃಖದ ದಾಖಲೆಯೂ ಅದರಲ್ಲಿತ್ತು. ಅದನ್ನು ಯಾರೂ ಮಕ್ಕಳ ರಕ್ಷಣೆಯ ಸಂಶೋಧನೆ ಎಂದು ಓದಲಿಲ್ಲ. ಓದಬಹುದಿತ್ತು.

ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯ ಬೆನ್ನಿಗೆ ನಿವೃತ್ತ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಸಮಿತಿ 2011ರಲ್ಲಿ ಬಾಲ್ಯವಿವಾಹ ತಡೆಯ ಬಗ್ಗೆ ವರದಿ ಕೊಟ್ಟಿತು. ಮುಂದೆ ರಾಜ್ಯ ಕಾನೂನು ತಿದ್ದಿ, ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಸಾರಿತು. 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹಾಗೇ ಮಾಡಲಿ ಎಂದಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ 20–24 ವಯಸ್ಸಿನ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಆ ಅಂಕಿ 21.4. ಕೂದಲೆಳೆಯಷ್ಟೂ ಕದಲಿಲ್ಲ ಎನ್ನಬೇಕು.

ಇಲ್ಲೇ ‘ಸಮತಾ’ ಬರುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ 12–13 ವರ್ಷದ 2,457 ಹುಡುಗಿಯರು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2014ರಲ್ಲಿ ಶುರುಮಾಡಿದ ಈ ಪ್ರಯೋಗದಲ್ಲಿ ರವಿ ಪ್ರಕಾಶ್, ಪ್ರಕಾಶ್ ಜವಳ್ಕರ್, ಪರಿಣೀತಾ ಭಟ್ಟಾಚಾರ್ಜಿ, ಸತ್ಯನಾರಾಯಣ ರಾಮನಾಯಕ್, ಲಂಡನ್ನಿನ ತಾರಾ ಬೀಟಿ ಮೊದಲಾದವರಿದ್ದರು. ಅರ್ಧ ಹಳ್ಳಿಗಳಲ್ಲಿ ಕೆಲಸ, ಇನ್ನರ್ಧದಲ್ಲಿ ಬರೀ ಎಣಿಕೆ. ಕೆಲಸ ಎಂದರೆ ಹುಡುಗಿಯರ ಗುಂಪುಗಳು, ತಂದೆತಾಯಿಯ ಜೊತೆ ಮಾತು, ಶಾಲಾ ಸಮಿತಿಗಳ ಜೊತೆ ಮಾತು, ಹುಡುಗರಿಗೆ ಕಬಡ್ಡಿಯ ನೆಪದಲ್ಲಿ ಹೆಣ್ಣನ್ನು ಗೌರವಿಸುವ ಪಾಠ. ಹುಡುಗಿ ಶಾಲೆ ಬಿಡಲು ಬಡತನದಷ್ಟೇ ಇನ್ನೊಂದು ಕಾರಣ ಮತ್ತೆ ಮತ್ತೆ ಸಿಕ್ಕಿತು. ದಾರಿಯಲ್ಲಿ ಹುಡುಗರು ಚುಡಾಯಿಸುತ್ತಾರೆ, ಊರು ಮಾತಾಡಿಕೊಳ್ಳುತ್ತದೆ, ‘ಸಾಲಿ ಸಾಕು, ಲಗ್ನ ಮಾಡಿಬಿಡೋಣು’ ಎನ್ನುತ್ತಾರೆ ಮನೆಯವರು. ಚುಡಾಯಿಸಿದವನಿಗೆ ಶಿಕ್ಷೆಯಿಲ್ಲ, ಚುಡಾಯಿಸಿಕೊಂಡವಳಿಗೆ ಲಗ್ನ.

ಮೂರು ವರ್ಷ ದುಡಿದ ಮೇಲೆ ಲೆಕ್ಕ ಹಾಕಿದರು. ಕೆಲಸ ನಡೆದ ಹಳ್ಳಿಗಳಲ್ಲೂ ನಡೆಯದ ಹಳ್ಳಿಗಳಲ್ಲೂ ನಾಲ್ವರಲ್ಲಿ ಮೂವರು ಹುಡುಗಿಯರು ಹೈಸ್ಕೂಲು ಮುಗಿಸಿದ್ದರು. ಎರಡೂ ಕಡೆ ಹತ್ತಕ್ಕೆ ಒಬ್ಬಳಂತೆ ಮದುವೆಯಾಗಿದ್ದಳು. ಫರಕೇ ಇಲ್ಲ. ಇಂಥ ಫಲಿತಾಂಶ ಬಂದಾಗ ಅದನ್ನು ಕಪಾಟಿಗೆ ಸೇರಿಸಿ, ಒಳ್ಳೆಯ ಫೋಟೋಗಳ ಒಂದು ಪುಸ್ತಕ ಅಚ್ಚು ಮಾಡಿಸುವುದು ಯೋಜನೆಗಳ ಜಗತ್ತಿನ ರೂಢಿ. ಇವರು 2019ರಲ್ಲಿ ಅದನ್ನು ಇದ್ದದ್ದು ಇದ್ದಂತೆ ಪ್ರಕಟಿಸಿದರು. ಆ ವರ್ಷಗಳಲ್ಲಿ ಹಳ್ಳಿಯ ಗಾಳಿಯೇ ಬದಲಾಗಿತ್ತು ಎನ್ನಬೇಕು. ಎಂಟನೇ ತರಗತಿಯ ಸೈಕಲ್ಲು, ವಿದ್ಯಾರ್ಥಿವೇತನ, ಹತ್ತಿರಕ್ಕೆ ಬಂದ ಹೈಸ್ಕೂಲು ಯೋಜನೆಯ ಹಳ್ಳಿ, ಯೋಜನೆಯಾಚೆಯ ಹಳ್ಳಿ ಎಂದು ಭೇದ ಮಾಡಲಿಲ್ಲ. ಈ ಇಡೀ ಉಪನ್ಯಾಸದಲ್ಲಿ ಬಂದ ಕೆಲಸಗಳ ಪೈಕಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು ಯಾವುದೆಂದು ಕೇಳಿದರೆ, ಸೋತೆವು ಎಂದು ಬರೆದ ಈ ಲೇಖನವನ್ನೇ ತೋರಿಸಬೇಕಾಗುತ್ತದೆ. ಮುಂದಿನವರು ಅದೇ ಗುಂಡಿಗೆ ಮತ್ತೆ ಹಣ ಸುರಿಯದಂತೆ ಅದು ತಡೆಯುತ್ತದೆ.

ಇಲ್ಲಿ ಬಂದ ಹೆಸರುಗಳು ವರದಿಯ ರಟ್ಟಿನ ಮೇಲೆ ಅಚ್ಚಾದವು. ರಟ್ಟಿನ ಒಳಗೆ, ಬಹಳವಾದರೆ ಕೃತಜ್ಞತೆಯ ಒಂದು ಸಾಲಿನಲ್ಲಿ, ಇರುವವರು ಬೇರೆ. ಮನೆಬಾಗಿಲಿಗೆ ಹೋಗಿ ಬೈಸಿಕೊಂಡು ಬಂದ ಹುಡುಗಿಯರು, ‘ನಮ್ಮ ಮನಿ ವಿಚಾರ ನಿಮಗ್ಯಾಕ’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿದವರು, ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು, ಹಂಗಾಮಿನಲ್ಲಿ ಬೆಂಚು ಖಾಲಿಯಾದದ್ದನ್ನು ಮೊದಲು ಕಂಡ ಶಾಲೆಯ ಅಕ್ಕೋರು. ಮಗು ಗೈರಾದ ಮೂರನೇ ದಿನಕ್ಕೇ ಇವರಿಗೆ ಗೊತ್ತಿರುತ್ತದೆ ಅದು ಎಲ್ಲಿದೆ ಎಂದು. ವೆಂಕಟೇಶ್ವರ್ಲು ಅವರಿಗೆ ಗೊತ್ತಾಗುವುದು ಆಮೇಲೆ.

ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲೂಕುಗಳ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ಕರೆಯುವ ಹೊತ್ತು ನವೆಂಬರ್. ಹತ್ತಿ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮುಗಿಯುತ್ತ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಈ ಸಲದ ಸಭೆಯಲ್ಲಿ ಹಾರ, ಶಾಲು, ಸ್ವಾಗತಗೀತೆ ಮುಗಿದ ಮೇಲೆ ಯಾರಾದರೂ ಒಬ್ಬರು ಎದ್ದು, ಆಗಸ್ಟ್‌ನಿಂದ ಇಲ್ಲಿಯವರೆಗೆ ಹದಿನೈದು ದಿನಕ್ಕಿಂತ ಹೆಚ್ಚು ಗೈರಾದ ಮಕ್ಕಳ ಸಂಖ್ಯೆ ಎಷ್ಟು, ಅವರು ಎಲ್ಲಿದ್ದರು ಎಂದು ಶಾಲೆವಾರು ಹೇಳಿರಿ ಎಂದು ಕೇಳಬೇಕು. ಹೆಸರು ಓದುವುದು ಬೇಡ, ಸಂಖ್ಯೆ ಸಾಕು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಮಾಡಿಸಿಕೊಂಡು ಬನ್ನಿ. ಸಭೆಯ ದಿನದವರೆಗೆ ಕಾಯಲಾಗದ ಮಗು ಕಂಡರೆ ಮಕ್ಕಳ ಸಹಾಯವಾಣಿ ಇದೆ, 1098. ಕರೆಗೆ ದುಡ್ಡಿಲ್ಲ, ರಾತ್ರಿಯಲ್ಲೂ ಎತ್ತುತ್ತಾರೆ.